ಕುಸಿದ ಕೆಲಸವನ್ನು ಎಬ್ಬಿಸುವವರು ಯಾರು? ತಂತ್ರಾಂಶದಲ್ಲಿ ಮೇಲ್ವಿಚಾರಣೆಯ ಏರ್ಪಾಡು

ವರ್ತಕರ ಮಳಿಗೆಯಲ್ಲಾಗಲಿ, ಸಣ್ಣ ಕೈಗಾರಿಕೆಯ ಕಚೇರಿಯಲ್ಲಾಗಲಿ ಇಂದು ಬಿಲ್ಲು ತಯಾರಿಸುವುದು, ದಾಸ್ತಾನಿನ ಲೆಕ್ಕ ಇಡುವುದು, ಇ-ಇನ್‌ವಾಯ್ಸ್ ಪಡೆಯುವುದು, ಬ್ಯಾಂಕಿನ ಜಮೆಯನ್ನು ತಾಳೆ ನೋಡುವುದು, ಇವೆಲ್ಲವೂ ಗಣಕಯಂತ್ರದೊಳಗೆ ಏಕಕಾಲದಲ್ಲಿ ನಡೆಯುತ್ತಿರುವ ಬೇರೆ ಬೇರೆ ಕಾರ್ಯಕ್ರಮಗಳ ಕೆಲಸವಾಗಿದೆ. ಇವುಗಳಲ್ಲೊಂದು ನಡುವೆ ನಿಂತುಹೋದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ತಂತ್ರಾಂಶ ಕೊಳ್ಳುವಾಗ ಕೇಳುವವರು ವಿರಳ. ಬೆಲೆ ಎಷ್ಟು, ಎಷ್ಟು ಮಂದಿ ಒಟ್ಟಿಗೆ ಬಳಸಬಹುದು, ವಾರ್ಷಿಕ ನಿರ್ವಹಣಾ ಶುಲ್ಕ ಎಷ್ಟು ಎಂದು ವಿಚಾರಿಸಿ ಕರಾರಿಗೆ ಸಹಿ ಹಾಕುತ್ತೇವೆ. ನಿಂತ ಕೆಲಸವನ್ನು ಯಾರು ಗಮನಿಸುತ್ತಾರೆ? ಯಾರು ಮತ್ತೆ ಆರಂಭಿಸುತ್ತಾರೆ? ಎಷ್ಟು ಬಾರಿ ಪ್ರಯತ್ನಿಸಿ ಕೈಬಿಡುತ್ತಾರೆ? ಅರ್ಧಕ್ಕೆ ನಿಂತಿದ್ದ ಕೆಲಸ ಎರಡು ಬಾರಿ ಆಗದಂತೆ ನೋಡಿಕೊಳ್ಳುವವರು ಯಾರು?

ಈ ಪ್ರಶ್ನೆಗಳಿಗೆ ದೂರವಾಣಿ ಉದ್ಯಮದವರು ಬಹಳ ಹಿಂದೆಯೇ ಅಚ್ಚುಕಟ್ಟಾದ ಉತ್ತರವೊಂದನ್ನು ಕಂಡುಕೊಂಡಿದ್ದಾರೆ. ಅದನ್ನು ವಾಣಿಜ್ಯದ ಭಾಷೆಯಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ. ಲೇಖಕನು ಲೆಕ್ಕಪರಿಶೋಧಕನೇ ಹೊರತು ಕಾರ್ಯಕ್ರಮ ರಚಿಸುವವನಲ್ಲ. ಆದರೆ ವಿಷಯದ ತಿರುಳು ನಾವು ದಿನನಿತ್ಯ ಕಾಣುವ ಆಂತರಿಕ ನಿಯಂತ್ರಣವೇ ಆಗಿರುವುದರಿಂದ ಇದು ನಮಗೆ ತೀರ ಹೊರಗಿನದೇನಲ್ಲ. ನಡೆಯುತ್ತಿರುವ ಕಾರ್ಯಕ್ರಮವನ್ನು ಗಣಕಜ್ಞರು ಪ್ರೋಸೆಸ್ ಎನ್ನುತ್ತಾರೆ. ಇಲ್ಲಿ ಅದನ್ನು ಪ್ರಕ್ರಿಯೆ ಎಂದು ಕರೆಯೋಣ.

ಎರಡು ಬಗೆಯ ದೋಷಗಳು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1974ರಲ್ಲಿ ಸ್ಥಾಪನೆಯಾದ ಟ್ಯಾಂಡಂ ಕಂಪ್ಯೂಟರ್ಸ್ ಎಂಬ ಸಂಸ್ಥೆಯು ನಿಲ್ಲದೆ ನಡೆಯಬೇಕಾದ ಯಂತ್ರಗಳನ್ನೇ ತನ್ನ ವ್ಯಾಪಾರವಾಗಿ ಮಾಡಿಕೊಂಡಿತು. ಬ್ಯಾಂಕುಗಳು, ಷೇರು ವಿನಿಮಯ ಕೇಂದ್ರಗಳು ಅದರ ಗಿರಾಕಿಗಳು. ಮುಂಬಯಿ ಷೇರು ವಿನಿಮಯ ಕೇಂದ್ರವು 1995ರಲ್ಲಿ ಆರಂಭಿಸಿದ ಬೋಲ್ಟ್ ಎಂಬ ವಹಿವಾಟು ವ್ಯವಸ್ಥೆಯೂ ಟ್ಯಾಂಡಂ ಯಂತ್ರಗಳ ಮೇಲೆಯೇ ನಡೆಯುತ್ತಿತ್ತು. ಆ ಸಂಸ್ಥೆಯಲ್ಲಿದ್ದ ಜಿಮ್ ಗ್ರೇ ಎಂಬ ಗಣಕವಿಜ್ಞಾನಿ 1985ರಲ್ಲಿ, ಗಣಕಯಂತ್ರಗಳು ಏಕೆ ನಿಲ್ಲುತ್ತವೆ ಎಂಬುದನ್ನು ಕುರಿತು ಒಂದು ವರದಿ ಬರೆದರು. ಯಂತ್ರಭಾಗಗಳನ್ನು ಜೋಡಿಯಾಗಿ ಇಟ್ಟದ್ದರಿಂದ ಅವುಗಳ ಕೆಡುಕು ಹತೋಟಿಗೆ ಬಂದಿತ್ತು. ಉಳಿದ ಅಡಚಣೆಗಳಲ್ಲಿ ದೊಡ್ಡ ಪಾಲು ನಿರ್ವಹಣೆಯ ಲೋಪಗಳದು ಮತ್ತು ತಂತ್ರಾಂಶದ ದೋಷಗಳದು ಎಂದು ಅವರು ತೋರಿಸಿದರು.

ತಂತ್ರಾಂಶದ ದೋಷಗಳನ್ನು ಅವರು ಎರಡು ಬಗೆಯಾಗಿ ವಿಂಗಡಿಸಿದರು. ಒಂದು ಬಗೆಯ ದೋಷ, ಎಷ್ಟು ಬಾರಿ ಮಾಡಿದರೂ ಅದೇ ಜಾಗದಲ್ಲಿ ಅದೇ ರೀತಿ ಕಾಣಿಸಿಕೊಳ್ಳುವಂಥದು. ಸರಕಿನ ಪಟ್ಟಿಯಲ್ಲಿ ತೆರಿಗೆಯ ದರವನ್ನೇ ತಪ್ಪಾಗಿ ನಮೂದಿಸಿದ್ದರೆ ಬಿಲ್ಲನ್ನು ನೂರು ಬಾರಿ ತೆಗೆದರೂ ನೂರು ಬಾರಿಯೂ ತಪ್ಪೇ ಬರುತ್ತದಲ್ಲವೇ, ಹಾಗೆ. ಇನ್ನೊಂದು ಬಗೆಯದು ಸಂದರ್ಭಗಳ ಆಕಸ್ಮಿಕ ಕೂಡುವಿಕೆಯಿಂದ ಹುಟ್ಟುವಂಥದು. ಎರಡು ಕೌಂಟರುಗಳಲ್ಲಿ ಒಂದೇ ಕ್ಷಣದಲ್ಲಿ ಒಂದೇ ಸರಕಿನ ಕೊನೆಯ ಪೆಟ್ಟಿಗೆಗೆ ಬಿಲ್ಲು ಮಾಡಹೊರಟರೆ ಕಾರ್ಯಕ್ರಮ ಗೊಂದಲಕ್ಕೆ ಬಿದ್ದು ನಿಂತೀತು. ಮರುಕ್ಷಣ ಮತ್ತೆ ಆರಂಭಿಸಿದರೆ ಅದೇ ಕಾಕತಾಳೀಯ ಮತ್ತೆ ಕೂಡಿಬರುವುದಿಲ್ಲ, ಕೆಲಸ ಸಾಗುತ್ತದೆ. ಮೊದಲನೆಯದಕ್ಕೆ ಭೌತವಿಜ್ಞಾನಿ ಬೋರ್ ಅವರ ಹೆಸರನ್ನೂ ಎರಡನೆಯದಕ್ಕೆ ಹೈಸನ್‌ಬರ್ಗ್ ಅವರ ಹೆಸರನ್ನೂ ಗಣಕಜ್ಞರು ವಿನೋದವಾಗಿ ಅಂಟಿಸಿದ್ದಾರೆ.

ಗ್ರೇ ಅವರ ವರದಿಯಲ್ಲಿ ನಮ್ಮಂಥವರಿಗೆ ಹಿಡಿಸುವ ಒಂದು ಲೆಕ್ಕವಿದೆ. ಮುದ್ರಣದ ಕೆಲಸಗಳನ್ನು ಸಾಲಾಗಿ ನಿಲ್ಲಿಸಿ ಪ್ರಿಂಟರಿಗೆ ಕಳುಹಿಸುವ ಕಾರ್ಯಕ್ರಮದ ದೋಷ ದಾಖಲೆಗಳನ್ನು ಪರಿಶೀಲಿಸಿದಾಗ, 132 ದೋಷಗಳಲ್ಲಿ ಸೇವೆಯನ್ನು ನಿಜವಾಗಿ ನಿಲ್ಲಿಸಿದ್ದು 1 ಮಾತ್ರ. ಉಳಿದ 131 ಸಂದರ್ಭಗಳಲ್ಲಿ ಒಂದು ಪ್ರಕ್ರಿಯೆ ಬಿದ್ದಾಗ ಅದರ ಜೊತೆಗಾರ ಪ್ರಕ್ರಿಯೆ ಕೆಲಸವನ್ನು ವಹಿಸಿಕೊಂಡು ಮುಂದುವರಿಸಿತ್ತು. ಕೆಲಸ ನಿಂತಾಗ ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹಾಕಿರಿ ಎಂದು ದುರಸ್ತಿಗಾರರು ಹೇಳುವ ಮಾತನ್ನು ನಾವು ನಗೆಯಾಡುವುದುಂಟು. ಅದರ ಹಿಂದೆ ಇಷ್ಟು ಗಟ್ಟಿಯಾದ ಆಧಾರವಿದೆ. ಆದರೆ ಆರಿಸಿ ಹಾಕುವುದನ್ನು ಎಲ್ಲಿ, ಯಾವಾಗ, ಎಷ್ಟು ಬಾರಿ ಎಂದು ಕ್ರಮಪಡಿಸದಿದ್ದರೆ ಅದೇ ಉಪಾಯ ಹಾನಿಯನ್ನೂ ತರಬಲ್ಲದು.

ಸ್ವೀಡನ್ನಿನ ದೂರವಾಣಿ ಕೇಂದ್ರಗಳಲ್ಲಿ

ಆ ಕ್ರಮಪಡಿಸುವಿಕೆ ನಡೆದದ್ದು ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ. ದೂರವಾಣಿ ವಿನಿಮಯ ಕೇಂದ್ರವೆಂದರೆ ಸಾವಿರಾರು ಕರೆಗಳು ಒಟ್ಟಿಗೆ ನಡೆಯುವ ಸ್ಥಳ. ಒಂದು ಕರೆಯಲ್ಲಿ ದೋಷ ಬಂದರೆ ಆ ಒಂದು ಕರೆ ಕಡಿದುಹೋಗಲಿ, ಪಕ್ಕದ ಕರೆಗೆ ಅದರ ಬಿಸಿ ತಟ್ಟಬಾರದು. ರಿಪೇರಿಗೆಂದು ಇಡೀ ಊರಿನ ದೂರವಾಣಿಯನ್ನು ನಿಲ್ಲಿಸುವ ಹಾಗೂ ಇಲ್ಲ. ಈ ಅಗತ್ಯವನ್ನು ಮುಂದಿಟ್ಟುಕೊಂಡು ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಎಂಬುವರು 1986ರಿಂದ ಆರಂಭಿಸಿ ಎರ್ಲಾಂಗ್ ಎಂಬ ಹೊಸ ಗಣಕಭಾಷೆಯನ್ನು ರೂಪಿಸಿದರು. ದೂರವಾಣಿ ದಟ್ಟಣೆಯ ಗಣಿತವನ್ನು ಕಟ್ಟಿಕೊಟ್ಟ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್ ಅವರ ಹೆಸರು ಅದಕ್ಕಿದೆ. 1998ರಲ್ಲಿ ಎರಿಕ್ಸನ್ನಿನ ಒಂದು ವಿಭಾಗವು ಹೊಸ ಉತ್ಪನ್ನಗಳಲ್ಲಿ ಈ ಭಾಷೆಯನ್ನು ಬಳಸಬಾರದೆಂದು ನಿರ್ಧರಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಎಲ್ಲರೂ ಉಚಿತವಾಗಿ ಬಳಸಲು ಬಿಡುಗಡೆ ಮಾಡಲಾಯಿತು. ತಾನು ಬೇಡವೆಂದದ್ದು ಹೊರಗೆ ಬಾಳಿತು. ನಮ್ಮ ವರ್ತಕ ಬಾಂಧವರು ದರಪಟ್ಟಿಯಿಂದ ಹಿಡಿದು ಲಾರಿ ರಸೀದಿಯವರೆಗೆ ಎಲ್ಲವನ್ನೂ ಕಳುಹಿಸುವ ವಾಟ್ಸಾಪ್ ಸೇವೆಯ ಸರ್ವರುಗಳು ಕಟ್ಟಲ್ಪಟ್ಟದ್ದು ಇದೇ ಭಾಷೆಯಲ್ಲಿ. 2014ರಲ್ಲಿ ಫೇಸ್‌ಬುಕ್ ಅದನ್ನು ಸುಮಾರು 1,900 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿದಾಗ ಬಳಕೆದಾರರು 45 ಕೋಟಿಗೂ ಮೇಲ್ಪಟ್ಟಿದ್ದರು, ಇಂಜಿನಿಯರುಗಳು 32 ಮಂದಿ ಮಾತ್ರ.

ಎರ್ಲಾಂಗ್‌ನಲ್ಲಿ ಪ್ರತಿಯೊಂದು ಪ್ರಕ್ರಿಯೆಗೂ ಅದರದೇ ಆದ ಸ್ಮೃತಿ ಇರುತ್ತದೆ. ಒಂದರ ಕಡತವನ್ನು ಇನ್ನೊಂದು ಮುಟ್ಟುವಂತಿಲ್ಲ. ಹೇಳಬೇಕಾದುದನ್ನು ಸಂದೇಶದ ಮೂಲಕವೇ ಹೇಳಬೇಕು. ಒಬ್ಬ ಗುಮಾಸ್ತ ಇನ್ನೊಬ್ಬನ ಮೇಜಿನ ಖಾನೆಗೆ ಕೈಹಾಕದೆ, ಬೇಕಾದುದನ್ನು ಚೀಟಿ ಬರೆದು ಕೇಳುವ ಕಚೇರಿಯನ್ನು ಊಹಿಸಿಕೊಳ್ಳಿ. ಅಂತಹ ಕಚೇರಿಯಲ್ಲಿ ಒಬ್ಬನು ಎದ್ದುಹೋದರೆ ಹಾಳಾಗುವುದು ಅವನ ಮೇಜು ಮಾತ್ರ. ಮೇಲ್ವಿಚಾರಣೆಯ ಏರ್ಪಾಡಿಗೆ ಈ ಪ್ರತ್ಯೇಕತೆಯೇ ಬುನಾದಿ. ಎಲ್ಲ ಕೆಲಸಗಳೂ ಒಂದೇ ದೊಡ್ಡ ಕಾರ್ಯಕ್ರಮದೊಳಗೆ ಹೆಣೆದುಕೊಂಡಿರುವಲ್ಲಿ ಒಂದನ್ನು ಮಾತ್ರ ಎಬ್ಬಿಸುವುದು ಸಾಧ್ಯವಾಗದು.

ಅನಾಮತ್ತು ಖಾತೆಯ ಹಾಗೆ

ಕಾರ್ಯಕ್ರಮ ಬರೆಯುವವರಿಗೆ ಸಾಮಾನ್ಯವಾಗಿ ಕಲಿಸುವುದು, ಬರಬಹುದಾದ ಪ್ರತಿಯೊಂದು ತಪ್ಪನ್ನೂ ಮುಂಗಂಡು ಅಲ್ಲಲ್ಲಿಯೇ ತಡೆಯಬೇಕೆಂದು. ಒಳ್ಳೆಯ ಸಲಹೆಯೇ. ಆದರೆ ಆಚರಣೆಯಲ್ಲಿ ಅದು ಬಹುಮಟ್ಟಿಗೆ ತಪ್ಪನ್ನು ಮುಚ್ಚಿಡುವ ಅಭ್ಯಾಸವಾಗಿ ಪರಿಣಮಿಸುತ್ತದೆ. ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ, ಹಳೆಯ ಗುಮಾಸ್ತರ ಮಾತಿನಲ್ಲಿ ಅನಾಮತ್ತು ಖಾತೆಗೆ ಹಾಕಿ ಮುಂದೆ ಸಾಗುವುದು ನಮಗೆಲ್ಲ ಗೊತ್ತು. ಪಟ್ಟಿ ತಾಳೆಯಾಯಿತು, ತಪ್ಪು ಮಾತ್ರ ಪುಸ್ತಕದಲ್ಲಿಯೇ ಕುಳಿತಿತು. ಕಾರ್ಯಕ್ರಮವೂ ಹಾಗೆಯೇ. ತನಗೆ ಅರ್ಥವಾಗದ ಸಂಖ್ಯೆ ಬಂದಾಗ ಅದನ್ನು ಸೊನ್ನೆಯೆಂದು ಭಾವಿಸಿ ಮುಂದುವರಿಯುವ ಕಾರ್ಯಕ್ರಮ, ನಿಂತುಹೋಗುವ ಕಾರ್ಯಕ್ರಮಕ್ಕಿಂತ ಅಪಾಯಕರ. ನಿಂತದ್ದು ಐದು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ. ತಪ್ಪು ಸಂಖ್ಯೆಯೊಂದಿಗೆ ನಡೆದದ್ದು ವರ್ಷಾಂತ್ಯದ ಪರಿಶೋಧನೆಯವರೆಗೆ ಕಾಣಿಸುವುದೇ ಇಲ್ಲ.

ಎರ್ಲಾಂಗ್ ಬಳಗದವರ ಸೂತ್ರ ಇದಕ್ಕೆ ವಿರುದ್ಧವಾದುದು: ಏನು ಮಾಡಬೇಕೆಂದು ನಿಶ್ಚಿತವಾಗಿ ತಿಳಿಯದ ಸ್ಥಿತಿಗೆ ಬಂದ ಪ್ರಕ್ರಿಯೆಯು ತನ್ನಷ್ಟಕ್ಕೆ ಸರಿಪಡಿಸಿಕೊಳ್ಳಲು ಹೋಗದೆ ಕುಸಿದುಬೀಳಲಿ. ಬಿದ್ದುದನ್ನು ನೋಡಿ ಎಬ್ಬಿಸುವುದು ಬೇರೆಯವರ ಕೆಲಸ. ಆ ಬೇರೆಯವರೇ ಸೂಪರ್‌ವೈಸರ್, ಅಂದರೆ ಮೇಲ್ವಿಚಾರಕ ಪ್ರಕ್ರಿಯೆ. ಅದು ತಾನು ಬಿಲ್ಲು ಬರೆಯುವುದಿಲ್ಲ, ಲೆಕ್ಕ ಕೂಡುವುದಿಲ್ಲ, ಗಿರಾಕಿಯೊಡನೆ ಮಾತಾಡುವುದಿಲ್ಲ. ತನ್ನ ಕೈಕೆಳಗಿನ ಪ್ರಕ್ರಿಯೆಗಳನ್ನು ಗೊತ್ತಾದ ಕ್ರಮದಲ್ಲಿ ಆರಂಭಿಸುವುದು, ಬಿದ್ದರೆ ಎಬ್ಬಿಸುವುದು, ಮುಚ್ಚುವ ವೇಳೆಗೆ ಅದೇ ಕ್ರಮವನ್ನು ಹಿಂದುಮುಂದು ಮಾಡಿ ನಿಲ್ಲಿಸುವುದು, ಇಷ್ಟೇ ಅದರ ಕರ್ತವ್ಯ. ವ್ಯವಹಾರದ ಜಟಿಲತೆ ಯಾವುದೂ ಅದರೊಳಗೆ ಇಲ್ಲದ ಕಾರಣ ಅದು ಬೀಳುವ ಸಂಭವವೂ ಕಡಿಮೆ. ನಗದು ಹಿಡಿಯುವವನೂ ನಗದು ಪುಸ್ತಕ ಬರೆಯುವವನೂ ಒಬ್ಬನೇ ಆಗಿರಬಾರದು ಎಂಬ ನಮ್ಮ ಹಳೆಯ ನಿಯಮವನ್ನು ಓದುಗರು ಇಲ್ಲಿ ಗುರುತಿಸಿಯಾರು.

ಮೇಲ್ವಿಚಾರಕನಿಗೂ ಮೇಲೊಬ್ಬ ಮೇಲ್ವಿಚಾರಕನಿರುತ್ತಾನೆ. ಹೀಗೆ ಕೆಳಗಿನಿಂದ ಮೇಲಕ್ಕೆ ಬೆಳೆಯುವ ಈ ರಚನೆಗೆ ಮೇಲ್ವಿಚಾರಣಾ ವೃಕ್ಷವೆಂದು ಹೆಸರು. ತೀರ ಮುಖ್ಯವಾದ, ಕೆಡಬಾರದ ಭಾಗ ಬುಡದ ಹತ್ತಿರ. ಅಪಾಯದ ಕೆಲಸಗಳು, ಅಂದರೆ ಹೊರಗಿನ ಜಾಲತಾಣದೊಡನೆ ಮಾತಾಡುವುದು, ಪ್ರಿಂಟರಿಗೆ ಬರೆಯುವುದು ಮುಂತಾದವು, ಎಲೆಗಳ ಕಡೆಗೆ. ಎಲೆ ಉದುರಿದರೆ ಮರಕ್ಕೆ ನಷ್ಟವಿಲ್ಲ.

ಯಾರೊಡನೆ ಯಾರನ್ನು ಎಬ್ಬಿಸಬೇಕು

ಒಂದು ಪ್ರಕ್ರಿಯೆ ಬಿದ್ದಾಗ ಅದೊಂದನ್ನೇ ಎಬ್ಬಿಸಿದರೆ ಸಾಕೇ ಎಂಬುದು ಮೇಲ್ವಿಚಾರಣೆಯ ನಿಜವಾದ ಪ್ರಶ್ನೆ. ಇದಕ್ಕೆ ಮೂರು ಮುಖ್ಯ ಪದ್ಧತಿಗಳಿವೆ.

ಒನ್ ಫಾರ್ ಒನ್ ಎಂಬ ಪದ್ಧತಿಯಲ್ಲಿ ಬಿದ್ದದ್ದನ್ನು ಮಾತ್ರ ಎಬ್ಬಿಸುತ್ತಾರೆ. ಮೂರು ಕೌಂಟರುಗಳ ಮೂರು ಪ್ರಿಂಟರುಗಳಿಗೆ ಮೂರು ಪ್ರಕ್ರಿಯೆಗಳಿದ್ದರೆ ಇದು ಸಾಕು, ಒಂದಕ್ಕೊಂದು ಸಂಬಂಧವಿಲ್ಲ. ಒನ್ ಫಾರ್ ಆಲ್ ಎಂಬುದರಲ್ಲಿ ಒಂದು ಬಿದ್ದರೆ ಉಳಿದವನ್ನೂ ನಿಲ್ಲಿಸಿ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತಾರೆ. ಒಂದರ ಮಾತನ್ನು ಇನ್ನೊಂದು ನಂಬಿಕೊಂಡು ನಡೆಯುವ ಕೆಲಸಗಳಿಗೆ ಇದು ತಕ್ಕುದು. ಅರ್ಧ ಜನ ಹಳೆಯ ದರಪಟ್ಟಿಯಲ್ಲೂ ಅರ್ಧ ಜನ ಹೊಸ ದರಪಟ್ಟಿಯಲ್ಲೂ ವ್ಯಾಪಾರ ಮಾಡುವುದಕ್ಕಿಂತ ಎಲ್ಲರೂ ಒಮ್ಮೆ ನಿಂತು ಒಟ್ಟಿಗೆ ಆರಂಭಿಸುವುದು ಮೇಲಲ್ಲವೇ?

ಮೂರನೆಯದು ರೆಸ್ಟ್ ಫಾರ್ ಒನ್. ನಮ್ಮ ಲೆಕ್ಕಪತ್ರದ ದೃಷ್ಟಿಯಿಂದ ಇದೇ ಹೆಚ್ಚು ವಿಚಾರಾರ್ಹವಾದುದು. ಪ್ರಕ್ರಿಯೆಗಳನ್ನು ಒಂದು ಕ್ರಮದಲ್ಲಿ ಆರಂಭಿಸಿರುತ್ತಾರೆ. ಹಿಂದಿನದನ್ನು ಆಧರಿಸಿ ಮುಂದಿನದು. ಒಂದು ಬಿದ್ದರೆ ಅದರ ನಂತರ ಆರಂಭವಾದವುಗಳನ್ನೆಲ್ಲ ನಿಲ್ಲಿಸಿ ಮತ್ತೆ ಕ್ರಮವಾಗಿ ಎಬ್ಬಿಸುತ್ತಾರೆ, ಅದಕ್ಕೆ ಮೊದಲಿನವುಗಳನ್ನು ಮುಟ್ಟುವುದಿಲ್ಲ.

ಇದರ ಮಹತ್ವಕ್ಕೆ ನಮ್ಮ ಕಾನೂನಿನಿಂದಲೇ ಒಂದು ಉದಾಹರಣೆ ಕೊಡಬಹುದು. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯ ಜಾಡು, ಅಂದರೆ ಆಡಿಟ್ ಟ್ರೇಲ್, ದಾಖಲಾಗಲೇಬೇಕು ಮತ್ತು ಅದನ್ನು ನಿಷ್ಕ್ರಿಯಗೊಳಿಸಲು ಬರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆ ಸೌಲಭ್ಯ ವರ್ಷವಿಡೀ, ಎಲ್ಲ ವ್ಯವಹಾರಗಳಿಗೂ ನಡೆದಿತ್ತೇ ಎಂಬುದನ್ನು ಪರಿಶೋಧಕರು ತಮ್ಮ ವರದಿಯಲ್ಲಿ ಹೇಳಬೇಕಾಗುತ್ತದೆ. ಈಗ, ಜಾಡನ್ನು ಬರೆಯುವ ಪ್ರಕ್ರಿಯೆ ಒಂದು, ಬಿಲ್ಲು ಬರೆಯುವ ಪ್ರಕ್ರಿಯೆ ಇನ್ನೊಂದು ಎಂದು ಭಾವಿಸಿ. ಅವೆರಡನ್ನೂ ಒನ್ ಫಾರ್ ಒನ್ ಪದ್ಧತಿಯಲ್ಲಿ ಇಟ್ಟರೆ, ಜಾಡಿನ ಪ್ರಕ್ರಿಯೆ ಬಿದ್ದು ಏಳುವ ನಡುವಿನ ಹೊತ್ತಿನಲ್ಲಿ ಬಿಲ್ಲುಗಳು ಸುಗಮವಾಗಿ ಹರಿಯುತ್ತಲೇ ಇರಬಹುದು. ಅವುಗಳ ಜಾಡು ಮಾತ್ರ ಎಲ್ಲಿಯೂ ಇರುವುದಿಲ್ಲ. ಅಂಗಡಿಯವರಿಗೆ ಯಾವ ತೊಂದರೆಯೂ ಕಾಣದು. ವರ್ಷದ ಕೊನೆಗೆ ಪರಿಶೋಧಕರ ವರದಿಯಲ್ಲಿ ಒಂದು ಅಹಿತಕರ ವಾಕ್ಯ ಸೇರಿಕೊಳ್ಳುತ್ತದೆ. ಜಾಡಿನ ಪ್ರಕ್ರಿಯೆಯನ್ನು ಮೊದಲು ಆರಂಭಿಸಿ, ಬಿಲ್ಲಿನದನ್ನು ಅದರ ಮೇಲೆ ಅವಲಂಬಿತವಾಗಿಸಿ, ರೆಸ್ಟ್ ಫಾರ್ ಒನ್ ಪದ್ಧತಿಯಲ್ಲಿಟ್ಟರೆ ಜಾಡು ನಿಂತಾಗ ಬಿಲ್ಲೂ ನಿಲ್ಲುತ್ತದೆ. ಬಿಲ್ಲಿನ ನಮೂದು ಮತ್ತು ಅದರ ಜಾಡು ಎರಡೂ ದತ್ತಸಂಚಯದಲ್ಲಿ ಒಂದೇ ವಹಿವಾಟಾಗಿ ದಾಖಲಾಗುವಂತಿದ್ದರೆ ಇನ್ನೂ ಲೇಸು. ಆಗ ಒಂದಿಲ್ಲದೆ ಇನ್ನೊಂದು ಉಳಿಯುವ ಪ್ರಶ್ನೆಯೇ ಬಾರದು. ಮಾರಾಟಗಾರರೊಡನೆ ಕುಳಿತಾಗ ಇದೊಂದನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ.

ಎಬ್ಬಿಸಬೇಕೇ ಬೇಡವೇ ಎಂಬುದನ್ನೂ ಪ್ರಕ್ರಿಯೆಯ ಸ್ವಭಾವಕ್ಕೆ ತಕ್ಕಂತೆ ಗೊತ್ತುಪಡಿಸಬಹುದು. ಕೆಲವನ್ನು ಯಾವಾಗ ನಿಂತರೂ ಎಬ್ಬಿಸಬೇಕು. ಕೆಲವನ್ನು ಅಸಹಜವಾಗಿ ನಿಂತಾಗ ಮಾತ್ರ ಎಬ್ಬಿಸಬೇಕು. ತಿಂಗಳ ಕೊನೆಯ ವರದಿ ತಯಾರಿಸಿ ತಾನಾಗಿ ಮುಗಿದ ಪ್ರಕ್ರಿಯೆಯನ್ನು ಮತ್ತೆ ಎಬ್ಬಿಸಿ ಫಲವೇನು? ಇನ್ನು ಕೆಲವನ್ನು ಎಬ್ಬಿಸಲೇಬಾರದು.

ಎಷ್ಟು ಬಾರಿ

ಬಿದ್ದದ್ದನ್ನು ಎಬ್ಬಿಸುತ್ತಲೇ ಇದ್ದರೆ ಅದೊಂದು ಹೊಸ ಪಿಡುಗು. ನನ್ನ ಕಕ್ಷಿದಾರರೊಬ್ಬರ ಸಗಟು ಮಳಿಗೆಯಲ್ಲಿ ಬಾಕಿದಾರರಿಗೆ ರಾತ್ರಿ ಹೊತ್ತು ನೆನಪಿನ ಸಂದೇಶ ಕಳುಹಿಸುವ ಕಾರ್ಯಕ್ರಮವೊಂದಿತ್ತು. ಪಟ್ಟಿಯ ಎರಡನೆಯ ಬಾಕಿದಾರರ ದೂರವಾಣಿ ಸಂಖ್ಯೆಯಲ್ಲಿ ಒಂದು ಅಂಕಿ ಹೆಚ್ಚಾಗಿ ಬಿದ್ದಿತ್ತು. ಕಾರ್ಯಕ್ರಮ ಮೊದಲನೆಯವರಿಗೆ ಸಂದೇಶ ಕಳುಹಿಸಿ, ಎರಡನೆಯದಕ್ಕೆ ಬಂದು ಕುಸಿಯಿತು. ಅದನ್ನು ಅಳವಡಿಸಿದವರು ನಿಂತಾಗಲೆಲ್ಲ ತಾನೇ ಆರಂಭವಾಗಲಿ ಎಂದು ಏರ್ಪಾಡು ಮಾಡಿದ್ದರು, ಮಿತಿ ಹಾಕಿರಲಿಲ್ಲ. ಎದ್ದಿತು, ಮೊದಲನೆಯವರಿಗೆ ಮತ್ತೆ ಸಂದೇಶ ಹೋಯಿತು, ಮತ್ತೆ ಕುಸಿಯಿತು. ಬೆಳಗಿನವರೆಗೂ ಇದೇ ನಡೆಯಿತು. ಆ ಮೊದಲನೆಯವರು ಹದಿನೈದು ವರ್ಷಗಳ ಗಿರಾಕಿ, ಬಾಕಿಯಿದ್ದದ್ದು ಕೆಲವು ಸಾವಿರ ರೂಪಾಯಿ. ಮರುದಿನವೇ ಹಣ ತಂದು ಮೇಜಿನ ಮೇಲಿಟ್ಟು, ಲೆಕ್ಕ ಚುಕ್ತಾ ಮಾಡಿಕೊಂಡು ಹೋದರು. ಆಮೇಲೆ ಅವರು ಬಂದಿಲ್ಲ.

ಎರ್ಲಾಂಗ್‌ನ ಮೇಲ್ವಿಚಾರಕನಿಗೆ ಆರಂಭದಲ್ಲಿಯೇ ಎರಡು ಸಂಖ್ಯೆಗಳನ್ನು ಕೊಟ್ಟಿರುತ್ತಾರೆ: ಎಷ್ಟು ಬಾರಿ ಮತ್ತು ಎಷ್ಟು ಸಮಯದೊಳಗೆ. ಬೇರೆ ಏನನ್ನೂ ಹೇಳದಿದ್ದರೆ 5 ಸೆಕೆಂಡಿನೊಳಗೆ 1 ಬಾರಿ. ಈ ಮಿತಿ ಮೀರಿದರೆ ಮೇಲ್ವಿಚಾರಕನು ತನ್ನ ಕೈಕೆಳಗಿನವುಗಳನ್ನೆಲ್ಲ ನಿಲ್ಲಿಸಿ ತಾನೂ ಕುಸಿಯುತ್ತಾನೆ. ಅದು ಅವನ ಸೋಲಲ್ಲ, ಮೇಲಿನವರಿಗೆ ಅವನು ಕಳುಹಿಸುವ ವರದಿ. ಗುಮಾಸ್ತನಿಂದಾಗದ್ದು ಮ್ಯಾನೇಜರಿಗೆ, ಮ್ಯಾನೇಜರಿಂದಾಗದ್ದು ಮಾಲೀಕರಿಗೆ ಎಂಬಂತೆ ತೊಂದರೆಯು ವೃಕ್ಷದಲ್ಲಿ ಒಂದೊಂದೇ ಮೆಟ್ಟಿಲು ಮೇಲೇರುತ್ತದೆ. ಪ್ರತಿ ಮೆಟ್ಟಿಲಿನಲ್ಲಿಯೂ ಹಿಂದಿಗಿಂತ ದೊಡ್ಡ ಭಾಗವನ್ನು ಹೊಸದಾಗಿ ಆರಂಭಿಸಿ ನೋಡಲಾಗುತ್ತದೆ. ಕಾಕತಾಳೀಯ ದೋಷವಾದರೆ ಕೆಳಗಿನ ಮೆಟ್ಟಿಲಿನಲ್ಲಿಯೇ ಬಗೆಹರಿಯುತ್ತದೆ. ತಪ್ಪು ದೂರವಾಣಿ ಸಂಖ್ಯೆಯಂಥ ಸ್ಥಿರ ದೋಷವಾದರೆ ತುದಿಯವರೆಗೂ ಏರಿ ಮನುಷ್ಯರ ಕಣ್ಣಿಗೆ ಬೀಳುತ್ತದೆ, ಬೀಳಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. 5 ಸೆಕೆಂಡಿಗೆ 1 ಎಂಬ ಮಿತಿಯಿರುವಲ್ಲಿ ಪ್ರಕ್ರಿಯೆ 6 ಸೆಕೆಂಡಿಗೊಮ್ಮೆ ಬಿದ್ದರೆ ಮಿತಿ ಎಂದೂ ಮೀರುವುದಿಲ್ಲ, ಬೀಳುವುದೂ ಏಳುವುದೂ ಅನಂತವಾಗಿ ನಡೆಯುತ್ತದೆ. ಲಿನಕ್ಸ್ ಯಂತ್ರಗಳಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಎಂಬ ವ್ಯವಸ್ಥೆಯಲ್ಲಿ ರೂಢಿಯ ಮಿತಿ 10 ಸೆಕೆಂಡಿಗೆ 5 ಬಾರಿ. ಅಲ್ಲಿಯೂ ಪ್ರತಿ ಸಲ ಕುಸಿಯಲು 3 ಸೆಕೆಂಡು ತೆಗೆದುಕೊಳ್ಳುವ ಕಾರ್ಯಕ್ರಮ ಮಿತಿಯ ಕೆಳಗೆ ನುಸುಳಿಕೊಂಡು ಹೋಗುತ್ತದೆ. ದೊಡ್ಡ ಸಂಸ್ಥೆಗಳು ಬಳಸುವ ಕುಬರ್ನೆಟೀಸ್ ಬೇರೆ ದಾರಿ ಹಿಡಿದಿದೆ: ಮೊದಲು 10 ಸೆಕೆಂಡು ಕಾಯುವುದು, ಆಮೇಲೆ 20, ಆಮೇಲೆ 40, ಹೀಗೆ ಇಮ್ಮಡಿಸುತ್ತ 5 ನಿಮಿಷದವರೆಗೆ. ತಾಂತ್ರಿಕ ಸಿಬ್ಬಂದಿ ಮಿತಿಯ ಸಂಖ್ಯೆಯನ್ನು ಮಾತ್ರ ಹೇಳಿದರೆ ಅವಧಿಯನ್ನೂ ಕೇಳಿ. ಬಡ್ಡಿಯ ದರ ಹೇಳಿ ಅವಧಿ ಹೇಳದವರನ್ನು ನಾವು ನಂಬುತ್ತೇವೆಯೇ?

ಓದುಗರ ಕಚೇರಿಯಲ್ಲಿಯೇ ಇದನ್ನು ನೋಡಬಹುದು. ವಿಂಡೋಸ್ ಯಂತ್ರದ ಸರ್ವಿಸಸ್ ಪಟ್ಟಿಯಲ್ಲಿ ಬಿಲ್ಲಿಂಗ್ ತಂತ್ರಾಂಶದ ದತ್ತಸಂಚಯ ಸೇವೆಯನ್ನು ತೆರೆದು ರಿಕವರಿ ಎಂಬ ಪುಟಕ್ಕೆ ಹೋದರೆ ಮೊದಲ ಬಾರಿ ಬಿದ್ದಾಗ, ಎರಡನೆಯ ಬಾರಿ ಬಿದ್ದಾಗ, ಆನಂತರ ಬಿದ್ದಾಗ ಏನು ಮಾಡಬೇಕೆಂಬ ಮೂರು ಸಾಲುಗಳಿವೆ. ಸುಮ್ಮನಿರುವುದು, ಸೇವೆಯನ್ನು ಮತ್ತೆ ಆರಂಭಿಸುವುದು, ಬೇರೊಂದು ಕಾರ್ಯಕ್ರಮವನ್ನು ನಡೆಸುವುದು, ಇಡೀ ಯಂತ್ರವನ್ನೇ ಮತ್ತೆ ಆರಂಭಿಸುವುದು, ಇವುಗಳಲ್ಲಿ ಒಂದನ್ನು ಆರಿಸಬಹುದು. ಮೂರನೆಯ ಸಾಲಿನಲ್ಲಿಯೂ ಮತ್ತೆ ಆರಂಭಿಸು ಎಂದಿದ್ದರೆ ನಿಮ್ಮಲ್ಲಿ ಮಿತಿಯಿಲ್ಲವೆಂದು ತಿಳಿಯಿರಿ. ಆ ಸಾಲಿನಲ್ಲಿ, ಜವಾಬ್ದಾರರಿಗೆ ಸಂದೇಶ ಕಳುಹಿಸುವ ಕಾರ್ಯಕ್ರಮವನ್ನು ಇಡುವುದು ಹೆಚ್ಚು ವಿವೇಕದ್ದೆಂದು ನನ್ನ ಅಭಿಪ್ರಾಯ.

ಎದ್ದ ಮೇಲೆ ಲೆಕ್ಕ ಎಲ್ಲಿದೆ

ಮತ್ತೆ ಎದ್ದ ಪ್ರಕ್ರಿಯೆಗೆ ಹಿಂದಿನದು ಏನೂ ನೆನಪಿರುವುದಿಲ್ಲ. ಮರುಆರಂಭದಿಂದ ಗುಣವಾಗುವುದೂ ಆ ಕಾರಣಕ್ಕೇ. ಕೆಟ್ಟ ನೆನಪು ಅಳಿದಾಗಲೇ ಹೊಸ ಆರಂಭ ಸಾಧ್ಯ. ಆದರೆ ಒಳ್ಳೆಯ ನೆನಪೂ ಜೊತೆಗೇ ಅಳಿಯುತ್ತದೆ. ಆದುದರಿಂದ ಕಳೆಯಬಾರದ ಮಾಹಿತಿಯನ್ನು ಪ್ರಕ್ರಿಯೆಯ ಹೊರಗೆ, ಭದ್ರವಾದ ದತ್ತಸಂಚಯದಲ್ಲಿ, ಕೆಲಸದ ಪ್ರತಿ ಹಂತದಲ್ಲಿಯೂ ಬರೆದಿಡಬೇಕು. ಗುಮಾಸ್ತರು ಬದಲಾದರೂ ರೋಜು ಕಿರ್ದಿ ಉಳಿಯುವುದು ಹೀಗೆಯೇ. ಮೇಲಿನ ಮಳಿಗೆಯ ಕಾರ್ಯಕ್ರಮವು ಮೊದಲನೆಯವರಿಗೆ ಸಂದೇಶ ಹೋಗಿದೆ ಎಂದು ಒಂದು ಗುರುತು ಹಾಕಿಕೊಂಡಿದ್ದರೆ ಆ ಗಿರಾಕಿ ಉಳಿಯುತ್ತಿದ್ದರು.

ಇನ್ನೂ ಕಠಿಣವಾದದ್ದು ಹೊರಗಿನವರೊಡನೆ ನಡೆಯುವ ವ್ಯವಹಾರ. ಬ್ಯಾಂಕಿಗೆ ಪಾವತಿಯ ಆದೇಶ ಕಳುಹಿಸಿದ ಮೇಲೆ, ಉತ್ತರ ಬರುವ ಮೊದಲು ಪ್ರಕ್ರಿಯೆ ಕುಸಿದರೆ ಹಣ ಹೋಯಿತೋ ಇಲ್ಲವೋ ಅದಕ್ಕೆ ತಿಳಿಯದು. ಎದ್ದ ಮೇಲೆ ಮತ್ತೆ ಕಳುಹಿಸಿದರೆ ಎರಡು ಬಾರಿ ಪಾವತಿಯಾದೀತು, ಕಳುಹಿಸದಿದ್ದರೆ ಆಗದೇ ಉಳಿದೀತು. ಪ್ರತಿ ಆದೇಶಕ್ಕೂ ಮುಂಚಿತವಾಗಿ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಸ್ವೀಕರಿಸುವವರು ಹೊಸದಾಗಿ ಮಾಡದೆ ಹಿಂದಿನದನ್ನೇ ಗುರುತಿಸುವಂತೆ ಇರುವುದೊಂದೇ ಇದಕ್ಕೆ ಪರಿಹಾರ.

ನಮ್ಮ ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ವಹಿವಾಟು ಮೀರಿದವರಿಗೆ ಆರಂಭವಾಗಿ, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾದ ಈ ವ್ಯವಸ್ಥೆಯಲ್ಲಿ ಪ್ರತಿ ಬಿಲ್ಲಿಗೂ ಸಿಗುವ ಐ.ಆರ್.ಎನ್. ಎಂಬ 64 ಅಕ್ಷರಗಳ ಸಂಖ್ಯೆ ಮನಸ್ಸಿಗೆ ಬಂದಂತೆ ಕೊಟ್ಟದ್ದಲ್ಲ. ಮಾರಾಟಗಾರರ ಜಿ.ಎಸ್.ಟಿ. ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ ಇವುಗಳಿಂದ ಲೆಕ್ಕಹಾಕಿ ಬರುವ ಫಲ ಅದು. ಅದೇ ಬಿಲ್ಲನ್ನು ಎರಡನೆಯ ಬಾರಿ ಕಳುಹಿಸಿದರೆ ಅದೇ ಸಂಖ್ಯೆಯೇ ಬರಬೇಕಾಗುತ್ತದೆ, ಪೋರ್ಟಲ್ ಅದನ್ನು ನಕಲೆಂದು ತಿರಸ್ಕರಿಸುತ್ತದೆ. ನಿಮ್ಮ ತಂತ್ರಾಂಶವು ಈ ತಿರಸ್ಕಾರವನ್ನು ಕಂಡಾಗ ಗಾಬರಿಯಾಗಿ ಹೊಸ ಬಿಲ್ಲಿನ ಸಂಖ್ಯೆ ಕೊಟ್ಟು ಮತ್ತೆ ಕಳುಹಿಸಿದರೆ ಮಾತ್ರ ಒಂದೇ ಮಾರಾಟಕ್ಕೆ ಎರಡು ಬಿಲ್ಲು, ಎರಡು ತೆರಿಗೆ. ಎದ್ದ ಮೇಲೆ ಹಳೆಯ ಸಂಖ್ಯೆಯಿಂದಲೇ ವಿಚಾರಿಸಿ, ಆಗಿದ್ದರೆ ಅದನ್ನೇ ದಾಖಲಿಸಿಕೊಳ್ಳಬೇಕು. ಮಾರಾಟಗಾರರು ತಂತ್ರಾಂಶ ತೋರಿಸಲು ಬಂದಾಗ, ಬಿಲ್ಲು ಹೋಗುತ್ತಿರುವ ನಡುವೆ ಇಂಟರ್‌ನೆಟ್ ತಂತಿಯನ್ನು ಕಿತ್ತು, ಮತ್ತೆ ಹಾಕಿ, ಏನಾಗುತ್ತದೆಂದು ನೋಡಿ. ಅರ್ಧ ಗಂಟೆಯ ಭಾಷಣಕ್ಕಿಂತ ಇದು ಹೆಚ್ಚು ತಿಳಿಸುತ್ತದೆ.

ಶೇಕಡಾವಾರಿನ ಬಗ್ಗೆ ಎರಡು ಮಾತು

ಸೇವೆಯ ಲಭ್ಯತೆ ಶೇ. 99.9 ಎಂದು ಕರಾರಿನಲ್ಲಿ ಬರೆಯುವುದು ವಾಡಿಕೆ. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 8 ಗಂಟೆ 46 ನಿಮಿಷ ಸೇವೆ ಇಲ್ಲದಿದ್ದರೂ ಕರಾರು ಮುರಿದಂತಾಗದು. ಆ ಅಷ್ಟೂ ಹೊತ್ತು ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನವೇ ಬಂದರೆ? 30 ದಿನಗಳ ತಿಂಗಳಿಗೆ ಲೆಕ್ಕ ಹಾಕಬೇಕೆಂದಿದ್ದರೆ ಅದೇ ಶೇಕಡಾವಾರಿಗೆ ಸಿಗುವ ರಿಯಾಯಿತಿ 43 ನಿಮಿಷ ಮಾತ್ರ. ಅವಧಿಯನ್ನು ಬರೆಸಿಕೊಳ್ಳುವುದು ಇಲ್ಲಿಯೂ ಮುಖ್ಯ. ಎರಿಕ್ಸನ್ನಿನ ಎ.ಎಕ್ಸ್.ಡಿ. 301 ಎಂಬ ಎರ್ಲಾಂಗ್ ಆಧಾರಿತ ಸ್ವಿಚ್ಚಿಗೆ ಒಂಬತ್ತು ಒಂಬತ್ತುಗಳ ಲಭ್ಯತೆಯಿದೆ ಎಂದು ಆರ್ಮ್‌ಸ್ಟ್ರಾಂಗ್ ತಮ್ಮ 2003ರ ಪ್ರೌಢಪ್ರಬಂಧದಲ್ಲಿ ಉಲ್ಲೇಖಿಸಿದ್ದಾರೆ. ಅಂದರೆ ವರ್ಷಕ್ಕೆ ಒಂದು ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಅಡಚಣೆ. ಎರ್ಲಾಂಗ್ ಬಳಗದವರೇ ಕೆಲವರು ಈ ಅಂಕಿಯನ್ನು ಒಪ್ಪಿಲ್ಲ. ಎಷ್ಟು ಯಂತ್ರಗಳು, ಎಷ್ಟು ಕಾಲ, ಯಾವುದನ್ನು ಅಡಚಣೆಯೆಂದು ಎಣಿಸಿದರು ಎಂದು ಕೇಳದೆ ಇಂತಹ ಅಂಕಿಗೆ ನಾವು ಸಹಿ ಹಾಕುವುದಿಲ್ಲ.

ಶೇಕಡಾವಾರಿಗಿಂತ ಉಪಯುಕ್ತವಾದ ಅಂಕಿ ಬೇರೊಂದಿದೆ. ಕಳೆದ ತಿಂಗಳು ಯಾವ ಪ್ರಕ್ರಿಯೆಯನ್ನು ಎಷ್ಟು ಬಾರಿ ಎಬ್ಬಿಸಬೇಕಾಯಿತು ಎಂಬುದರ ಪಟ್ಟಿ. ಮೇಲ್ವಿಚಾರಣೆ ಚೆನ್ನಾಗಿದ್ದಷ್ಟೂ ದೋಷಗಳು ಹೊರಗೆ ಕಾಣಿಸುವುದಿಲ್ಲ, ಕಾಣಿಸದ ದೋಷವನ್ನು ಯಾರೂ ತಿದ್ದುವುದಿಲ್ಲ. ಎರಡು ಬಾರಿ ಬೀಳುತ್ತಿದ್ದದ್ದು ಇಪ್ಪತ್ತು ಬಾರಿಗೆ ಏರಿದ್ದರೆ ಮಾರಾಟಗಾರರನ್ನು ಕರೆಸುವ ಸಮಯ ಬಂದಿದೆ. ನಿರ್ವಹಣಾ ಕರಾರಿನಲ್ಲಿ ಈ ಮಾಸಿಕ ಪಟ್ಟಿಯನ್ನು ಒಂದು ಷರತ್ತಾಗಿ ಸೇರಿಸಲು ಹೆಚ್ಚಿನ ವೆಚ್ಚವೇನೂ ತಗಲದು.

ಕೊನೆಯದಾಗಿ, ವೃಕ್ಷದ ಎಲ್ಲಕ್ಕಿಂತ ಮೇಲಿನ ಮೇಲ್ವಿಚಾರಕನೂ ಬಿದ್ದರೆ? ಎರ್ಲಾಂಗ್‌ನಲ್ಲಿ ಹಾರ್ಟ್ ಎಂಬ ಸಣ್ಣ ಹೊರಗಿನ ಕಾರ್ಯಕ್ರಮವಿದೆ. ಮುಖ್ಯ ವ್ಯವಸ್ಥೆಯಿಂದ ಗೊತ್ತಾದ ಹೊತ್ತಿನೊಳಗೆ ನಾಡಿಬಡಿತ ಬಾರದಿದ್ದರೆ ಇಡೀ ವ್ಯವಸ್ಥೆಯನ್ನೇ ಅದು ಮತ್ತೆ ಆರಂಭಿಸಬಲ್ಲದು. ಆದರೆ ಯಂತ್ರವೇ ಸುಟ್ಟುಹೋದಾಗ ಅದರೊಳಗಿನ ಹಾರ್ಟ್ ಕೂಡ ನಿಲ್ಲುತ್ತದೆ. ಆದುದರಿಂದ ಬೀಳುವ ಯಂತ್ರವನ್ನು ಗಮನಿಸಲು ಇನ್ನೊಂದು ಯಂತ್ರ ಬೇಕೇ ಬೇಕು. ಒಂದೇ ಯಂತ್ರದಲ್ಲಿ ಎಷ್ಟು ಅಂತಸ್ತಿನ ಮೇಲ್ವಿಚಾರಣೆ ಕಟ್ಟಿದರೂ ಈ ಕೊರತೆ ನೀಗದು. ಹಳೆಯ ಗಣಕಯಂತ್ರವೊಂದನ್ನು ಮೂಲೆಯಲ್ಲಿಟ್ಟು, ಮುಖ್ಯ ಸರ್ವರ್ ಉಸಿರಾಡುತ್ತಿದೆಯೇ ಎಂದು ನಿಮಿಷಕ್ಕೊಮ್ಮೆ ವಿಚಾರಿಸಿ, ಇಲ್ಲವಾದರೆ ಮಾಲೀಕರ ಮೊಬೈಲಿಗೆ ತಿಳಿಸುವ ಏರ್ಪಾಡನ್ನು ಯಾವ ಸಣ್ಣ ಉದ್ದಿಮೆಯೂ ಮಾಡಿಕೊಳ್ಳಬಹುದು. ಆ ಎರಡನೆಯ ಯಂತ್ರವನ್ನು ಮುಖ್ಯ ಸರ್ವರಿನ ಯು.ಪಿ.ಎಸ್.ಗೂ ಅದೇ ಇಂಟರ್‌ನೆಟ್ ಸಂಪರ್ಕಕ್ಕೂ ಜೋಡಿಸಬಾರದು.